ಆಪರೇಶನ್ ಹಿಂದಿನ ರಾತ್ರಿಯ ಗುಳಿಗೆ ಯಾರ ಅನುಕೂಲಕ್ಕೆ?

ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಎದ್ದಾಗಲೆಲ್ಲ ಚರ್ಚೆ ಹಾಸಿಗೆ, ಕಟ್ಟಡ, ಅನುದಾನದ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಸಿದ್ದಾಪುರ ತಾಲ್ಲೂಕಿನ ಹೇರೂರಿನಂಥ ಊರಿಂದ ದೊಡ್ಡ ಆಪರೇಶನ್‌ಗೆಂದು ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗುವವರ ಭಯ ಯಾರ ಲೆಕ್ಕಕ್ಕೂ ಸಿಕ್ಕಿಲ್ಲ. ಆ ಭಯಕ್ಕೆ ರೂಢಿಯಾಗಿರುವ ಉತ್ತರ ಕೇಸ್‌ಶೀಟಿನ ಒಂದು ಸಾಲು: ಆಲ್ಪ್ರಾಜೋಲಮ್ 0.25 ಮಿ.ಗ್ರಾಂ., ರಾತ್ರಿ ಮಲಗುವಾಗ. ರೋಗಿ ಯಾರೆಂದು ನೋಡದೆ ಆತಂಕ ತಗ್ಗಿಸುವ ಈ ಗುಳಿಗೆಯನ್ನು ಬರೆಯುವ ರೂಢಿಯನ್ನು ಕೈಬಿಡಬೇಕು.

ಕಾರಣ ಮೂರು ಅಂಕಿಗಳಲ್ಲಿದೆ: 72, 73, 71. ಫ್ರಾನ್ಸಿನ ಐದು ಬೋಧನಾ ಆಸ್ಪತ್ರೆಗಳಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರಿಗೆ ಆಪರೇಶನ್‌ಗೆ ಮುನ್ನ ಇದೇ ಜಾತಿಯ ಲೊರಾಜೆಪಾಮ್ ಕೊಟ್ಟರು, ಕೆಲವರಿಗೆ ಏನನ್ನೂ ಕೊಡಲಿಲ್ಲ, ಉಳಿದವರಿಗೆ ಔಷಧವಿಲ್ಲದ ಹುಸಿಗುಳಿಗೆ. ಮರುದಿನ ನೂರಕ್ಕೆ ಇಷ್ಟೆಂದು ಅಳೆದ ರೋಗಿಗಳ ಸಮಾಧಾನವೇ ಕ್ರಮವಾಗಿ ಆ ಮೂರು ಅಂಕಿ. ಗುಳಿಗೆ ನುಂಗಿದವರಿಗೂ ಏನೂ ನುಂಗದವರಿಗೂ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಕಂಡದ್ದು ನಷ್ಟದಲ್ಲಿ. ಉಸಿರಿನ ಕೊಳವೆ ತೆಗೆಯಲು ಗುಳಿಗೆಯವರಿಗೆ 17 ನಿಮಿಷ ಹಿಡಿಯಿತು, ಏನೂ ಕೊಡದವರಿಗೆ 12. ಬೇಗನೆ ಬುದ್ಧಿ ತಿಳಿಯಾದವರು ಗುಳಿಗೆಯವರಲ್ಲಿ ಶೇ 51, ಏನೂ ಕೊಡದವರಲ್ಲಿ ಶೇ 71.

ಹಾಗಾದರೆ ಭಯಕ್ಕೆ ಮದ್ದೇನು? ಉತ್ತರ 1963ರಷ್ಟು ಹಳೆಯದು. ಬಾಸ್ಟನ್ನಿನ ಎಗ್ಬರ್ಟ್ ಮತ್ತು ಸಂಗಡಿಗರು ನಿದ್ರಾಜನಕ ಪೆಂಟೊಬಾರ್ಬಿಟಾಲನ್ನೂ ಅರಿವಳಿಕೆ ತಜ್ಞರ ಭೇಟಿಯನ್ನೂ ಹೋಲಿಸಿ ನೋಡಿದರು. ಬರೀ ಔಷಧ ಪಡೆದವರಿಗೆ ಮಂಪರು ಬಂತು, ನೆಮ್ಮದಿ ಬರಲಿಲ್ಲ. ವೈದ್ಯರೇ ಬಂದು ನಾಳೆ ಏನೇನು ಆಗುತ್ತದೆಂದು ಹೇಳಿಹೋದವರಿಗೆ ಮಂಪರಿಲ್ಲದೆಯೂ ನೆಮ್ಮದಿ ಬಂತು. ಅರವತ್ತು ವರ್ಷ ಕಳೆದರೂ ನಾವಿನ್ನೂ ಮಂಪರನ್ನೇ ಧೈರ್ಯವೆಂದು ತಿಳಿದಿದ್ದೇವೆ.

ಫ್ರಾನ್ಸಿನಲ್ಲಿ ಕೊಟ್ಟ ಲೊರಾಜೆಪಾಮ್ 2.5 ಮಿ.ಗ್ರಾಂ., ಅದು ದೊಡ್ಡ ಪ್ರಮಾಣ, ನಮ್ಮದು ಚಿಕ್ಕದು ಎನ್ನುವವರಿದ್ದಾರೆ. ದೊಡ್ಡ ಪ್ರಮಾಣವೇ ತರದ ಸಮಾಧಾನವನ್ನು ಚಿಕ್ಕದು ತರುತ್ತದೆಂಬುದಕ್ಕೆ ಆಧಾರವೇನು? ರಾತ್ರಿ ನಿದ್ದೆ ಬರಲೆಂದು ಕೊಡುವುದಾದರೆ ನಿದ್ದೆಗುಳಿಗೆ ಎಂದೇ ಹೇಳಿ ಕೊಡಲಿ. ತೀರಾ ಹೆದರಿದವರಿಗಾದರೂ ಬೇಡವೇ ಎಂಬ ಪ್ರಶ್ನೆ ಗಟ್ಟಿಯಾದದ್ದು. ಫ್ರಾನ್ಸಿನಲ್ಲಿ ಅಂಥವರನ್ನು ಪ್ರತ್ಯೇಕವಾಗಿ ನೋಡಿದಾಗಲೂ ಲಾಭ ಕಾಣಲಿಲ್ಲ. ಆದರೂ ಎದುರು ಕೂತು ಮಾತಾಡಿದ ವೈದ್ಯರು ಒಬ್ಬ ರೋಗಿಗೆ ಬೇಕೆಂದು ನಿರ್ಧರಿಸಿದರೆ ತಕರಾರಿಲ್ಲ. ಮಕ್ಕಳ ವಿಷಯ ಬೇರೆ. ಮೊದಲಿನಿಂದಲೂ ಇಂಥ ಗುಳಿಗೆ ನುಂಗುತ್ತಿರುವವರು ತಾವಾಗಿಯೇ ನಿಲ್ಲಿಸಲೂಬಾರದು, ದಿಢೀರನೆ ಬಿಟ್ಟರೆ ಅಪಾಯ. ಅರವತ್ತೈದು ದಾಟಿದವರಿಗಂತೂ ಹೆಚ್ಚಿನ ಎಚ್ಚರ ಬೇಕು. ಈ ಔಷಧಗಳಿಂದ ಅವರಲ್ಲಿ ಗೊಂದಲ, ಬೀಳುವ ಅಪಾಯ ಎರಡೂ ಹೆಚ್ಚು.

ವೈದ್ಯರಿಗೆ ಪುರುಸೊತ್ತೆಲ್ಲಿ ಎಂಬುದು ಕೊನೆಯ ಆಕ್ಷೇಪ. ಪುರುಸೊತ್ತಿಲ್ಲದಿರುವುದು ಹಿಂದಿನ ಸಂಜೆ. ಘಟ್ಟದ ಮೇಲಿನವರು ಸಂಜೆಗೆ ವಾರ್ಡ್ ಸೇರಿ, ಬೆಳಗಾದರೆ ಆಪರೇಶನ್ ಟೇಬಲ್ ಮೇಲಿರುತ್ತಾರೆ. ತುರ್ತಲ್ಲದ ಆಪರೇಶನ್‌ಗಳಿಗೆ ಬಿಪಿ, ಶುಗರ್, ಇಸಿಜಿಯನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲೇ ವಾರ ಮೊದಲು ಮುಗಿಸಿ, ಅರಿವಳಿಕೆ ತಜ್ಞರ ಜತೆ ವಿಡಿಯೊ ಕರೆಯಲ್ಲಿ ಮಾತಾಡಿಸಬಹುದು. ಸರ್ಕಾರದ ದೂರವೈದ್ಯ ಸೇವೆ ಇ-ಸಂಜೀವಿನಿ ಇರುವುದು ಮತ್ತೇತಕ್ಕೆ? ಹೊಸ ಆಸ್ಪತ್ರೆಗೆ ಕಾಯಬೇಕಾದ ಕೆಲಸವಲ್ಲ ಇದು. ಈ ವ್ಯವಸ್ಥೆ ಬರುವವರೆಗೆ ರೋಗಿಯ ಮನೆಯವರು ಮೂರು ಪ್ರಶ್ನೆ ಕೇಳಲಿ: ಯಾವ ಅರಿವಳಿಕೆ, ಎಚ್ಚರ ಯಾವಾಗ, ನೋವಿಗೆ ಏನು ಕೊಡುತ್ತೀರಿ? ಉತ್ತರ ಸಿಗುವವರೆಗೆ ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಅವಸರ ಬೇಡ.