ಹಳೆಯ ಸೈಕಲ್ಲಿಗೆ ಉದ್ದದ ಕಾಲೇಕೆ?

ಪೆಟ್ರೋಲ್ ಬೇಡದ, ಕಾಡಿನ ಮೌನ ಕೆಡಿಸದ ವಾಹನವೆಂದು ನಾವು ಸೈಕಲ್ಲನ್ನು ಕೊಂಡಾಡುತ್ತೇವೆ. ಆದರೆ ಕೊಳ್ಳುಬಾಕ ಸಂಸ್ಕೃತಿ ಸೈಕಲ್ಲನ್ನೂ ಬಿಟ್ಟಿಲ್ಲ. ತೊಂಬತ್ತರ ದಶಕದ ಗಟ್ಟಿಮುಟ್ಟಾದ ಮೌಂಟನ್ ಬೈಕಿಗೆ ಇಂದಿನ ಉದ್ದನೆಯ ಸಸ್ಪೆನ್ಷನ್ ಫೋರ್ಕ್ ತೊಡಿಸಿ, ಅದನ್ನೇ ಪುನರ್ಬಳಕೆಯೆಂದು ನಂಬುವ ಗೆಳೆಯರು ನಮ್ಮ ನಡುವೆಯೂ ಇದ್ದಾರೆ. ಅದು ಪುನರ್ಬಳಕೆಯಲ್ಲ, ಗುಜರಿಯ ದಾರಿ ಎಂಬುದು ನಮ್ಮ ವಾದ.

1989ರಲ್ಲಿ ಬಂದ ರಾಕ್‌ಶಾಕ್ಸ್ ಆರ್‌ಎಸ್-1 ಫೋರ್ಕ್ ಕುಗ್ಗುತ್ತಿದ್ದುದು ಸುಮಾರು 50 ಮಿ.ಮೀ. ಮಾತ್ರ. ಮರುವರ್ಷ ಅಮೆರಿಕದ ಡುರಾಂಗೋದಲ್ಲಿ ನೆಡ್ ಓವರೆಂಡ್ ವಿಶ್ವ ಚಾಂಪಿಯನ್ ಆದದ್ದು ಅದರ ಮೇಲೆಯೇ. ಆ ಕಾಲದ ಫ್ರೇಮ್‌ಗಳು ರೂಪುಗೊಂಡದ್ದು ಅಂಥ ಗಿಡ್ಡ ಫೋರ್ಕಿಗಾಗಿ, ಇಲ್ಲವೇ ಕುಗ್ಗದ ಉಕ್ಕಿನ ಫೋರ್ಕಿಗಾಗಿ.

ಫೋರ್ಕ್ 20 ಮಿ.ಮೀ. ಉದ್ದವಾದರೆ ಇಡೀ ಫ್ರೇಮ್ ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. 60 ಆದರೆ ಮೂರು ಡಿಗ್ರಿ. ಸೀಟು ಹಿಂದೆ ಸರಿಯುತ್ತದೆ, ಪೆಡಲ್ ಮೇಲೇರುತ್ತದೆ, ಏರುದಾರಿಯಲ್ಲಿ ಮುಂದಿನ ಚಕ್ರ ನೆಲದ ಹಿಡಿತ ಬಿಡುತ್ತದೆ. ಫೋರ್ಕ್ ಸನ್ನೆಗೋಲಿನಂತೆ ವರ್ತಿಸಿ, ಹೊಡೆತವನ್ನೆಲ್ಲ ಹೆಡ್ ಟ್ಯೂಬಿನ ಬೆಸುಗೆಯ ಮೇಲೆ ಹಾಕುತ್ತದೆ. ಆ ಬೆಸುಗೆ ಇಳಿಜಾರಿನಲ್ಲಿ ಬಿಟ್ಟುಕೊಂಡರೆ ಸವಾರನ ಗತಿಯೇನು?

ಇಳಿಯುವಾಗ ಸ್ಥಿರತೆ ಹೆಚ್ಚುವುದಿಲ್ಲವೇ ಎಂದು ಕೇಳಬಹುದು. ಹೆಚ್ಚುತ್ತದೆ. ಸವಾರನ ಭಾರಕ್ಕೆ ಫೋರ್ಕ್ ತುಸು ಕುಸಿಯುವುದರಿಂದ ಒಂದು ಡಿಗ್ರಿಯ ವ್ಯತ್ಯಾಸವನ್ನು ಸಹಿಸಲೂಬಹುದು. ಆದರೆ ಆಸೆ ಒಂದು ಡಿಗ್ರಿಗೆ ನಿಲ್ಲುತ್ತದೆಯೇ?

ಹೊಸ ಫೋರ್ಕುಗಳಲ್ಲಿ ಹಲವುದರ ಸ್ಟೀರರ್ ಕೊಳವೆ ಬುಡದಲ್ಲಿ ಒಂದೂವರೆ ಇಂಚು ದಪ್ಪ. ಹಳೆಯ ಹೆಡ್ ಟ್ಯೂಬಿನೊಳಗೆ ಅದು ಇಳಿಯದು. ಹೇಗೋ ಹೊಂದುವ ಫೋರ್ಕ್ ಸಿಕ್ಕರೂ ರಿಮ್ ಬ್ರೇಕಿಗೆ ಅದರಲ್ಲಿ ಜಾಗವಿರುವುದಿಲ್ಲ. ಆಗ ಡಿಸ್ಕ್ ಬ್ರೇಕ್ ಬೇಕು, ಅದಕ್ಕೆ ಹೊಸ ಹಬ್, ಹಬ್ಬಿಗಾಗಿ ಹೊಸ ಚಕ್ರ. ಇಷ್ಟಾದ ಮೇಲೆ ಬೇಡವಾಗಿ ಉಳಿಯುವುದು ಫ್ರೇಮ್ ಒಂದೇ. 26 ಇಂಚಿನ ಚಕ್ರವನ್ನು ಮೂಲೆಗೆ ತಳ್ಳಿ, ಕೆಲವು ವರ್ಷಗಳಿಗೊಮ್ಮೆ ಅಳತೆ ಬದಲಿಸುವ ಉದ್ಯಮಕ್ಕೆ ಬೇಕಾದದ್ದೂ ಇದೇ ಅಲ್ಲವೇ?

ಹಾಗಾದರೆ ಮಾಡಬೇಕಾದುದೇನು? ಮೊದಲು ಈಗಿರುವ ಫೋರ್ಕಿನ ಎಣ್ಣೆ, ಸೀಲುಗಳನ್ನು ಬದಲಿಸೋಣ. ಬೇರೆ ಫೋರ್ಕ್ ಅನಿವಾರ್ಯವಾದರೆ, ಆಕ್ಸಲಿನ ನಡುವಿನಿಂದ ಫೋರ್ಕಿನ ನೆತ್ತಿಯವರೆಗೆ ಅಳೆದು ಅದೇ ಉದ್ದದ್ದನ್ನು ಹುಡುಕೋಣ. ಒಳಗೆ ಸ್ಪೇಸರ್ ಇಟ್ಟು ಗಿಡ್ಡಗೊಳಿಸಬಲ್ಲ ಫೋರ್ಕುಗಳೂ ಇವೆ. ಯಾವುದೂ ಸಿಗದಿದ್ದರೆ, ಸಮನಾದ ಅಳತೆಯ ಉಕ್ಕಿನ ಫೋರ್ಕ್ ಸಾಕು. ಅದಕ್ಕೆ ಎಣ್ಣೆಯೂ ಬೇಡ, ಸೀಲೂ ಬೇಡ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಬೆಟ್ಟಕ್ಕೂ ನದಿಗೂ ಮಿತಿಯಿದೆ ಎಂದು ಊರೂರಿಗೆ ಹೇಳಹೊರಟ ನಾವು, ನಮ್ಮ ಸೈಕಲ್ಲಿನ ಮಿತಿಯನ್ನಾದರೂ ಮೊದಲು ಗೌರವಿಸೋಣ.