ಆಮೇಲೆ ಮಾಡ್ತೇನೆ ಆಯಿ

"ಕುಕ್ಕರ್ ಕೂಗ್ತಾ ಇದೆ, ಆಮೇಲೆ ಫೋನ್ ಮಾಡ್ತೇನೆ ಆಯಿ." ಬೆಳಂಬಾರದಲ್ಲಿದ್ದ ನನ್ನ ತಾಯಿಗೆ ನಾನು ಹೇಳಿದ ಕೊನೆಯ ಮಾತು ಇದು. ಆ 'ಆಮೇಲೆ' ಬರಲೇ ಇಲ್ಲ. ಎರಡು ವರ್ಷ ನನ್ನನ್ನು ನಾನೇ ಬೈದುಕೊಂಡೆ. ಮಕ್ಕಳ ಜೊತೆ ನಕ್ಕರೂ ತಪ್ಪು ಮಾಡಿದ ಹಾಗೆ ಅನ್ನಿಸುತ್ತಿತ್ತು.

ಆಗ ನೆನಪಾದವರು ನಮ್ಮ ಅಂಕೋಲಾ ಬಡಿಗೇರಿಯ ಸುಕ್ರಜ್ಜಿ, ಸುಕ್ರಿ ಬೊಮ್ಮಗೌಡ. ಹಾಲಕ್ಕಿ ಒಕ್ಕಲಿಗರ ಹಾಡುಗಳ ಕಣಜ. ಗಂಡ ತೀರಿಕೊಂಡರು, ಸಾಕಿದ ಮಗ ಕುಡಿತಕ್ಕೆ ಬಲಿಯಾದ. ಅಜ್ಜಿ ಮೂಲೆ ಹಿಡಿದು ಕೂರಲಿಲ್ಲ. ಊರಿನ ಹೆಂಗಸರನ್ನು ಜೊತೆಗೆ ಕರೆದುಕೊಂಡು ಸಾರಾಯಿ ವಿರುದ್ಧ ನಿಂತರು. ಓದು ಬಾರದಿದ್ದರೂ ನಾಲಿಗೆಯ ಮೇಲಿದ್ದ ಹಾಡು ಬಿಡಲಿಲ್ಲ. 2017ರಲ್ಲಿ ಪದ್ಮಶ್ರೀ ಬಂದಾಗಲೂ ಅದೇ ಮಣಿಸರ, ಅದೇ ಹಾಲಕ್ಕಿ ಉಡುಗೆ. 2025ರ ಫೆಬ್ರವರಿಯಲ್ಲಿ ಅವರೂ ಹೋದರು.

ಹಾಡಿದ್ದಕ್ಕೆ ಮಗ ತಿರುಗಿ ಬರಲಿಲ್ಲ, ನಿಜ. ಆದರೆ ಆ ದುಃಖ ಎದೆಯಲ್ಲೇ ಕೊಳೆಯದೆ ನಾಲ್ಕು ಮನೆಗೆ ಉಪಯೋಗಕ್ಕೆ ಬಂತು. ನನಗೆ ಅಷ್ಟು ದೊಡ್ಡ ಶಕ್ತಿ ಎಲ್ಲಿದೆ? ಕೆಳಗಿನ ಮನೆಯ ಒಂಟಿ ಅಜ್ಜಿಯ ಹತ್ತಿರ ದಿನಾ ಸಂಜೆ ಹತ್ತು ನಿಮಿಷ ಕೂರುತ್ತೇನೆ, ಅಷ್ಟೇ. ಹಾಗೆ ಕೂತಾಗಲೇ ಒಂದು ಹೊಳೆಯಿತು. ಚಿಕ್ಕವಳಿದ್ದಾಗ ಆಯಿಯೂ ನನಗೆ ಎಷ್ಟೋ ಸಲ "ಕೆಲಸ ಇದೆ, ಆಮೇಲೆ ಬಾ" ಅಂದವಳೇ ಅಲ್ವಾ? ಅದಕ್ಕೆ ಅವಳ ಪ್ರೀತಿ ಕಡಿಮೆ ಅಂತ ನನಗೆ ಯಾವತ್ತೂ ಅನ್ನಿಸಲಿಲ್ಲ. ನನ್ನ ಪ್ರೀತಿಯೂ ಅವಳಿಗೆ ಗೊತ್ತಿತ್ತು.

ನೀವೂ ಅಷ್ಟೇ, ನಿಮ್ಮನ್ನು ಸ್ವಲ್ಪ ಕ್ಷಮಿಸಿಕೊಳ್ಳಿ. ಮತ್ತೆ ಇವತ್ತು ತವರಿನಿಂದ ಫೋನ್ ಬಂದರೆ, ಮೊದಲು ಗ್ಯಾಸ್ ಆರಿಸಿ.