ವಿದ್ವಾಂಸರಿಗೂ ಒಂದನೇ ತಾರೀಖು

ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಸೇವೆಗೆ ಸೇರಿದಾಗ ಅವರಿಗೆ ಗೊತ್ತಾದ ಸಂಬಳ ತಿಂಗಳಿಗೆ 500 ರೂಪಾಯಿ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿನ ಕಹಳೆಗೆ ಮುಖ ಕೊಟ್ಟು ಹಾಡಿ, ದೇಶದ ಮೊದಲ ರೆಕಾರ್ಡಿಂಗ್ ತಾರೆ ಎನಿಸಿಕೊಂಡಿದ್ದ ಹೆಣ್ಣುಮಗಳು. ಒಂದು ಕಾಲಕ್ಕೆ ದುಡ್ಡಿನ ಹೊಳೆಯನ್ನೇ ಕಂಡಿದ್ದವರು, ಕೋರ್ಟು ವ್ಯಾಜ್ಯಗಳಲ್ಲಿ ಸಾಕಷ್ಟು ಕಳೆದುಕೊಂಡು, ಕೊನೆಗಾಲದಲ್ಲಿ ಮೈಸೂರಿಗೆ ಬಂದರು. ಎರಡು ವರ್ಷವೂ ತುಂಬಲಿಲ್ಲ, 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು. ಅವರ ಕೀರ್ತಿಯನ್ನು ಊರೂರಿಗೆ ಹಂಚಿದ್ದು ಪ್ಲೇಟುಗಳು. ಕೊನೆಯ ದಿನಗಳಲ್ಲಿ ಒಲೆ ಉರಿಸಿದ್ದು ಮಾತ್ರ ತಿಂಗಳ ಸಂಬಳ.

ಸಂಗೀತಗಾರರ ಕಷ್ಟ ಎಂದೊಡನೆ ನಾವು ಮಾತಾಡುವುದು ಕಛೇರಿಯ ಸಂಭಾವನೆಯ ಬಗ್ಗೆ. ಇಷ್ಟು ಕೊಟ್ಟರು, ಅಷ್ಟು ಕೊಡಲಿಲ್ಲ ಎಂದು. ನನ್ನ ಗುಮಾನಿ ಬೇರೆ. ಕಛೇರಿಯ ದುಡ್ಡಿನಿಂದಲೇ ಬದುಕಿದ ಸಂಗೀತಗಾರರು ಯಾವ ಕಾಲದಲ್ಲೂ ಬೆರಳೆಣಿಕೆಯಷ್ಟು ಮಂದಿಯೇ. ಉಳಿದವರನ್ನು ಸಾಕಿದ್ದು ಒಂದನೇ ತಾರೀಖು. ಈ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ನಮ್ಮ ಕಣ್ಣೆದುರೇ ಕರಗಿಹೋದದ್ದು ಅದು.

ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯ ಮೇಲೆ 108 ಕೃತಿಗಳ ಮಾಲೆಯನ್ನು ಕಟ್ಟಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ವಾಸುದೇವಾಚಾರ್ಯರು ಎಲ್ಲರೂ ಅರಮನೆಯ ಪಟ್ಟಿಯಲ್ಲಿದ್ದವರೇ. ಹಾಗೆಂದು ಅರಮನೆಯನ್ನು ಹೊಗಳುತ್ತ ಕೂರುವುದು ಬೇಡ. ದೊರೆಯ ಮರ್ಜಿ ಇತ್ತು, ಕೈಕಟ್ಟಿ ನಿಲ್ಲುವುದಿತ್ತು, ಒಳಗೆ ಯಾರು ಬರಬೇಕು ಯಾರು ಬರಬಾರದು ಎಂಬ ಲೆಕ್ಕಾಚಾರವೂ ಇತ್ತು. ಆದರೂ 108 ಕೃತಿ ಬರೆಯಲು ಕೂತವನಿಗೆ ನಾಳೆಯ ಅಕ್ಕಿಯ ಯೋಚನೆ ಇರಬಾರದು ಎಂಬಷ್ಟು ವಿವೇಕ ಆ ವ್ಯವಸ್ಥೆಗಿತ್ತು.

ಅರಮನೆ ಹೋದ ಮೇಲೆ ಆ ಜಾಗಕ್ಕೆ ಬಂದದ್ದು ರೇಡಿಯೋ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಶುರು ಮಾಡಿದ ‘ಆಕಾಶವಾಣಿ’ ಮುಂದೆ ಸರ್ಕಾರದ್ದಾಗಿ, 1955ರಲ್ಲಿ ಬೆಂಗಳೂರಿಗೆ ಬಂತು. ಧಾರವಾಡದಲ್ಲಿ 1950ರಲ್ಲೇ ನಿಲಯ ಶುರುವಾಗಿತ್ತು. ಆರ್. ಕೆ. ಶ್ರೀಕಂಠನ್ ಬಾನುಲಿಯ ನೌಕರರಾಗಿ ಬದುಕು ಸವೆಸಿದವರು. ದೊರೆಸ್ವಾಮಿ ಅಯ್ಯಂಗಾರರ ವೀಣೆ ಬೆಂಗಳೂರು ನಿಲಯದಲ್ಲಿತ್ತು, ಮಲ್ಲಿಕಾರ್ಜುನ ಮನ್ಸೂರರು ಧಾರವಾಡ ನಿಲಯಕ್ಕೆ ಸಂಗೀತ ಸಲಹೆಗಾರರಾಗಿದ್ದರು. ಇಂಥ ದೊಡ್ಡ ಹೆಸರುಗಳ ಜೊತೆಗೆ ನಿಲಯದ ಕಲಾವಿದರು ಎಂಬ ಒಂದು ವರ್ಗವೇ ಇತ್ತು. ಪಿಟೀಲು, ಮೃದಂಗ, ತಬಲಾ, ಸಾರಂಗಿ, ಕೊಳಲು ಹಿಡಿದು ಬೆಳಗಿನ ಪಾಳಿ, ಸಂಜೆಯ ಪಾಳಿ ಎಂದು ಹಾಜರಿ ಹಾಕಿ, ಬಂದವರಿಗೆಲ್ಲ ಪಕ್ಕವಾದ್ಯ ನುಡಿಸಿ, ಮಕ್ಕಳನ್ನು ಓದಿಸಿ, ಪಿಂಚಣಿ ಪಡೆದು ಮನೆಗೆ ಹೋದವರು. ಈಗ ಅಂಥವರು ನಿವೃತ್ತರಾದರೆ ಆ ಕುರ್ಚಿ ಖಾಲಿಯೇ ಉಳಿಯುತ್ತದೆ. ಹೊಸ ನೇಮಕಾತಿ ನಿಂತಂತೆಯೇ ಆಗಿ ಬಹಳ ಕಾಲವಾಯಿತು. ‘ಬಿ ಹೈ’, ‘ಎ’ ಎಂದು ಬಾನುಲಿ ಕೊಡುವ ಗ್ರೇಡುಗಳೇನೋ ಇವೆ. ಅವು ಆಹ್ವಾನಪತ್ರಿಕೆಯಲ್ಲಿ ಹೆಸರಿನ ಪಕ್ಕ ಅಚ್ಚಾಗುತ್ತವೆ, ಪಾಸ್‌ಬುಕ್ಕಿನಲ್ಲಲ್ಲ.

ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳೂ ಗೊತ್ತಿದ್ದೋ ಗೊತ್ತಿಲ್ಲದೆಯೋ ಕಲೆಯನ್ನು ಸಾಕಿದವು. ಸಿ. ಅಶ್ವತ್ಥ್ ಐಟಿಐನಲ್ಲಿ 27 ವರ್ಷ ಕೆಲಸ ಮಾಡಿದರು. ಕನ್ನಡದ ಭಾವಗೀತೆ ಮನೆಮನೆಗೆ ಹೋದದ್ದು ಬರೀ ಕ್ಯಾಸೆಟ್ಟಿನಿಂದಲ್ಲ, ದೂರವಾಣಿ ತಯಾರಿಸುವ ಕಾರ್ಖಾನೆಯ ಸಂಬಳಪಟ್ಟಿಯಿಂದಲೂ. ಸಂಸ್ಕೃತಿಯ ಚರಿತ್ರೆ ಬರೆಯುವವರು ಇಂಥ ಸಂಗತಿಗಳನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ನನಗೇನೋ ಅದು ಮೊದಲ ಅಧ್ಯಾಯಕ್ಕೇ ಬರಬೇಕು ಎನ್ನಿಸುತ್ತದೆ.

ಇವತ್ತಿನ ಪಕ್ಕವಾದ್ಯದವರ ಪಾಡು ನೋಡಿ. ಆಯೋಜಕರು ಹಾಡುವವರಿಗೆ ಫೋನು ಮಾಡಿ, “ಪಕ್ಕವಾದ್ಯ ನೀವೇ ಹೊಂದಿಸಿಕೊಂಡು ಬನ್ನಿ, ಒಟ್ಟು ಇಷ್ಟು ಕೊಡ್ತೀವಿ” ಎನ್ನುತ್ತಾರೆ. ಆ ‘ಇಷ್ಟು’ ಸಾಲದೆ ಬಂದಾಗ ಮೊದಲು ಬೀಳುವುದು ಉಪಪಕ್ಕವಾದ್ಯ. ಘಟ, ಖಂಜಿರ, ಮೋರ್ಚಿಂಗ್ ಇಲ್ಲದೆ ಕಛೇರಿ ನಡೆದೇ ನಡೆಯುತ್ತದೆ, ಕೇಳುಗರು ವಿಚಾರಿಸುವುದೂ ಇಲ್ಲ. ಉಳಿದ ದುಡ್ಡು ಪಿಟೀಲು, ಮೃದಂಗಗಳ ನಡುವೆ ಹೇಗೆ ಹಂಚಿಕೆಯಾಯಿತು ಎಂಬುದು ಹಾಡುವವರ ಮನಸ್ಸಾಕ್ಷಿಗೆ ಬಿಟ್ಟ ವಿಚಾರ. ಮೃದಂಗದವರಿಗಂತೂ ಖರ್ಚು ತಪ್ಪಿದ್ದಲ್ಲ. ಶ್ರುತಿಗೆ ತಕ್ಕಂತೆ ಎರಡು ಮೂರು ವಾದ್ಯ ಇರಲೇಬೇಕು, ಮುಚ್ಚಿಗೆ ಸವೆಯುತ್ತದೆ, ಕರಣೆ ಉದುರುತ್ತದೆ. ರಿಪೇರಿ ಬಲ್ಲ ಕೈಗಳು ಕಡಿಮೆಯಾಗುತ್ತಿವೆ. ವಾದ್ಯ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋಗುವ ಕಾಲ ಹೋಗಿ ಕ್ಯಾಬು ಬಂದಿದೆ. ಮಳೆ ಬಂದ ಸಂಜೆ ಹೋಗಿ ಬರುವ ಬಾಡಿಗೆ ಸಂಭಾವನೆಯಲ್ಲಿ ಎಷ್ಟು ನುಂಗುತ್ತದೆ ಎಂದು ಯಾರಾದರೊಬ್ಬ ಮೃದಂಗ ವಿದ್ವಾಂಸರನ್ನು ಕೇಳಿ ನೋಡಿ. ಕೊನೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ. “ನಿಮಗೂ ಒಳ್ಳೆ ವೇದಿಕೆ ಸಿಕ್ಕಿತು ಸಾರ್” ಎಂಬ ಮಾತು ಉಚಿತ.

ತಂಬೂರಿಯವರ ಕಥೆ ಇದಕ್ಕಿಂತ ಹಳೆಯದು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ್ದು 1979ರಲ್ಲಿ. ಒಂಟಿಯಾಗಿ ಸಾಧನೆ ಮಾಡುವವರಿಗೆ ಅದು ವರ. ವೇದಿಕೆಯ ಹಿಂದೆ ಕೂತು ತಂಬೂರಿ ಮೀಟುತ್ತ, ಆ ನೆಪದಲ್ಲಿ ಗುರುವಿನ ಮನೋಧರ್ಮವನ್ನು ಹತ್ತಿರದಿಂದ ಕೇಳಿ ಕಲಿಯುತ್ತಿದ್ದ ಶಿಷ್ಯನ ಜಾಗ ಮಾತ್ರ ಆ ಪೆಟ್ಟಿಗೆಗೆ ಹೋಯಿತು. ಕೃತಕ ಬುದ್ಧಿಮತ್ತೆ ಸಂಗೀತಗಾರರ ಅನ್ನ ಕಸಿಯುತ್ತದೆ ಎಂದು ಈಗ ಗಾಬರಿಯಾಗಿರುವವರು ಆ ಪೆಟ್ಟಿಗೆಯ ಚರಿತ್ರೆಯನ್ನೊಮ್ಮೆ ತಿರುವಿ ಹಾಕಬಹುದು.

ಹಾಗಾದರೆ ಬಾಡಿಗೆ ಕಟ್ಟುವುದು ಯಾವುದರಿಂದ? ಪಾಠದಿಂದ. ಅದರಲ್ಲೂ ಅಮೆರಿಕದ ಪಾಠದಿಂದ. ಗಿರಿನಗರ, ಬಸವನಗುಡಿ, ಮಲ್ಲೇಶ್ವರಗಳ ಎಷ್ಟೋ ಮನೆಗಳಲ್ಲಿ ಬೆಳಗಿನ ಆರು ಗಂಟೆಗೆ ಲ್ಯಾಪ್‌ಟಾಪ್ ಬೆಳಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಆಗ ಹಿಂದಿನ ದಿನದ ಸಂಜೆ ಐದೂವರೆ, ಮಗು ಶಾಲೆಯಿಂದ ಬಂದು ಹಾಲು ಕುಡಿದು ಕೂತಿರುತ್ತದೆ. ನವೆಂಬರ್ ಬಂತೆಂದರೆ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ, ಇಲ್ಲಿಯ ಪಾಠ ಏಳು ಗಂಟೆಗೆ ಸರಿಯುತ್ತದೆ. ಮಾರ್ಚಿನಲ್ಲಿ ಮತ್ತೆ ಆರಕ್ಕೆ. ಚಾಂದ್ರಮಾನ, ಸೌರಮಾನಗಳ ಜೊತೆಗೆ ನಮ್ಮ ವಿದ್ವಾಂಸರು ಈಗ ಈ ಪಂಚಾಂಗವನ್ನೂ ನೋಡಬೇಕು.

ಅಂತರ್ಜಾಲದಲ್ಲಿ ಗುರುಶಿಷ್ಯರು ಕೂಡಿ ಹಾಡುವಂತಿಲ್ಲ. ದನಿ ಅತ್ತ ಹೋಗಿ ಇತ್ತ ಬರುವಷ್ಟರಲ್ಲಿ ತಾಳ ಜಾರಿರುತ್ತದೆ. ಗುರು ಹಾಡಿ ನಿಲ್ಲಿಸಬೇಕು, ಶಿಷ್ಯೆ ಹಾಡಬೇಕು, ಆಗ ಗುರು ತನ್ನ ಮೈಕು ಮುಚ್ಚಿರಬೇಕು. ಇನ್ನು ತಂತ್ರಾಂಶದ ಜಾಣತನ ಒಂದಿದೆ. ಎಡೆಬಿಡದೆ ಕೇಳಿಸುವ ಯಾವ ಸದ್ದನ್ನೂ ಅದು ಫ್ಯಾನಿನ ಗದ್ದಲವೆಂದು ತಿಳಿದು ಅಳಿಸಿಹಾಕುತ್ತದೆ. ಎಡೆಬಿಡದ ಸದ್ದು ಎಂದರೆ ತಂಬೂರಿಯ ಶ್ರುತಿ! ಅದನ್ನು ಉಳಿಸಿಕೊಳ್ಳಲು ಯಾವ ಗುಂಡಿ ಒತ್ತಬೇಕು ಎಂಬುದನ್ನು ಸರಳೆ ವರಸೆಗಿಂತ ಮೊದಲೇ ಕಲಿಸಬೇಕಾಗುತ್ತದೆ. ಆದರೂ ಈ ಪಾಠವನ್ನು ನಾನು ಹಗುರಾಗಿ ಕಾಣುವುದಿಲ್ಲ. ಅಲ್ಲಿಯ ಮಕ್ಕಳು ಶ್ರದ್ಧೆಯವರು. ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ನಡೆಯುತ್ತಿರುವ ತ್ಯಾಗರಾಜ ಆರಾಧನೆಯ ಸ್ಪರ್ಧೆಗೆಂದು ಅವರು ಮಾಡುವ ತಯಾರಿ ಇಲ್ಲಿ ಎಲ್ಲರಿಗೂ ಬರುವಂಥದ್ದಲ್ಲ. ಐದಾರು ಡಾಲರ್ ಶಿಷ್ಯರಿದ್ದರೆ ತಿಂಗಳಿಗೆ ಇಷ್ಟು ಎಂದು ಖಚಿತವಾಗಿ ಬರುತ್ತದೆ. ಒಂದನೇ ತಾರೀಖು ಈಗ ಉಳಿದಿರುವುದು ಅಲ್ಲೇ. ಕಛೇರಿ ಎಂಬುದು ಶಿಷ್ಯರನ್ನು ತರುವ ವಿಸಿಟಿಂಗ್ ಕಾರ್ಡ್ ಆಗಿಬಿಟ್ಟಿದೆ. ನನ್ನ ತಕರಾರು ಒಂದೇ. ಮೂರು ತಲೆಮಾರಿನ ಸಂಗೀತಗಾರರು ಅಕಾರ ಸಾಧನೆಗೆಂದು ಕಾದಿಟ್ಟಿದ್ದ ಹೊತ್ತು ಬೆಳಗಿನ ಆ ಆರು ಗಂಟೆ. ಕೊರಳು ಹದವಾಗಿ, ಬೌಳಿ, ಭೂಪಾಳಗಳು ತಾವಾಗಿ ಬರುವ ಹೊತ್ತು. ಈಗ ಮಾರಾಟಕ್ಕಿರುವುದು ಆ ಹೊತ್ತೇ.

ರೆಕಾರ್ಡಿಂಗಿನಿಂದ ದುಡ್ಡು ಬರುತ್ತದಲ್ಲ ಎನ್ನುವವರಿಗೆ ಉತ್ತರ ಚಿಕ್ಕದು. ಸ್ಪಾಟಿಫೈ 2024ರಿಂದ ಒಂದು ನಿಯಮ ತಂದಿದೆ: ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಕಾಸಿಲ್ಲ. ಹಂಸಾನಂದಿಯ ಆಲಾಪನೆಗೆ ಸಾವಿರ ಕಿವಿ ಎಲ್ಲಿಂದ ತರುವುದು? ಯೂಟ್ಯೂಬಿನಲ್ಲಂತೂ ಪುರಂದರದಾಸರ ಪದ ಹಾಡಿ ಏರಿಸಿದರೆ, ಧ್ವನಿ ಹೋಲಿಸುವ ಯಂತ್ರ ಅದನ್ನು ಯಾವುದೋ ಕಂಪನಿಯ ಹಳೆಯ ಧ್ವನಿಮುದ್ರಿಕೆ ಎಂದು ಹಿಡಿದು ಕೂರುವುದುಂಟು. ದಾಸರು 1564ರಲ್ಲೇ ಕಾಲವಾದರು ಎಂದು ಯಂತ್ರಕ್ಕೆ ಅರ್ಜಿ ಬರೆದುಕೊಳ್ಳಬೇಕು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಚಿತ್ರಗೀತೆ ಬರೆದವರಿಗೂ ರಾಗ ಹಾಕಿದವರಿಗೂ ಬಲ ಕೊಟ್ಟಿತು. ಅದೇ ಹಾಡಿಗೆ ಕೊಳಲು ನುಡಿಸಿದವರ ಕೈಗೆ ಬರುವುದು ಇವತ್ತಿಗೂ ಸಾಮಾನ್ಯವಾಗಿ ಆ ದಿನದ ಸೆಷನ್ನಿನ ದುಡ್ಡು ಮಾತ್ರ.

ರಸಮಂಜರಿ ಕಾರ್ಯಕ್ರಮಗಳ ಲೋಕ ಇದಕ್ಕಿಂತ ಒರಟು. ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತಿಂಗಳು ಮುಗಿಯುವವರೆಗೆ ಸುಗ್ಗಿ, ಆಮೇಲೆ ಮದುವೆಗಳು ಇದ್ದರೆ ಇದ್ದವು. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಆರಿಸಬೇಕೆಂಬ ಕಾನೂನು ಇದೆ, ಅದು ನ್ಯಾಯವೇ. ಆದರೆ ರಾಜಕಾರಣಿಗಳ ಭಾಷಣ ಮುಗಿಯುವುದೇ ಒಂಬತ್ತೂವರೆಗೆ! ಹತ್ತು ಜನರ ತಂಡ ಮೂರು ಜನಕ್ಕೆ ಇಳಿದಿದೆ, ಉಳಿದ ಏಳು ಜನ ಟ್ರ್ಯಾಕ್ ರೂಪದಲ್ಲಿ ಲ್ಯಾಪ್‌ಟಾಪಿನೊಳಗೆ ಕೂತಿದ್ದಾರೆ. ತೆರಿಗೆಯ ತಮಾಷೆ ಬೇರೆ. ಶಾಸ್ತ್ರೀಯ ಇಲ್ಲವೇ ಜಾನಪದ ಕಾರ್ಯಕ್ರಮಕ್ಕೆ ಕಲಾವಿದ ಪಡೆಯುವ 1.5 ಲಕ್ಷ ರೂಪಾಯಿವರೆಗಿನ ಸಂಭಾವನೆಗೆ ಜಿಎಸ್‌ಟಿ ವಿನಾಯಿತಿ ಉಂಟು. ಅದೇ ಕೈ, ಅದೇ ತಬಲಾ, ಹಾಡು ರಾಜಕುಮಾರರ ಸಿನಿಮಾದ್ದಾದರೆ ವಿನಾಯಿತಿ ಇಲ್ಲ.

ದಿನಗೂಲಿ ಎಷ್ಟು ತೆಳುವಾದ ದಾರ ಎಂದು ಗೊತ್ತಾದದ್ದು 2020ರಲ್ಲಿ. ಬೆಂಗಳೂರಿನ ಕಲಾವಿದರಿಗೆ ರಾಮನವಮಿಯ ಋತುವೇ ವರ್ಷದ ದೊಡ್ಡ ದುಡಿಮೆ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ದೊಡ್ಡ ಚಪ್ಪರದಿಂದ ಹಿಡಿದು ಬಡಾವಣೆಯ ಪುಟ್ಟ ಗುಡಿಯವರೆಗೆ ಎಲ್ಲೆಲ್ಲೂ ಕಛೇರಿ, ಪಾನಕ, ಕೋಸಂಬರಿ. ಋತು ತೆರೆಯುವುದು ಯುಗಾದಿಗೆ. ದೇಶಕ್ಕೆ ಬೀಗ ಬಿದ್ದ ಮಾರ್ಚ್ 25 ಆ ವರ್ಷದ ಯುಗಾದಿಯೇ ಆಗಿತ್ತು. ಒಪ್ಪಿಕೊಂಡಿದ್ದ ಕಛೇರಿಗಳೆಲ್ಲ ಒಂದೇ ಏಟಿಗೆ ಹೋದವು. ಸಂಬಳದ ಕಲಾವಿದನಿಗೆ ಅದು ಮನೆಯಲ್ಲಿ ಕೂತು ಸಾಧನೆ ಮಾಡುವ ಬಿಡುವು, ಮಿಕ್ಕವರಿಗೆ ಚಿನ್ನ ಅಡವಿಡುವ ಹೊತ್ತು.

ಇನ್ನು ಯಾವ ಅರಮನೆಯೂ ಬರುವುದಿಲ್ಲ, ಬರುವುದೂ ಬೇಡ. ರೇಡಿಯೋ ಮತ್ತೆ ನೇಮಕ ಮಾಡೀತು ಎಂಬ ಆಸೆಯೂ ನನಗಿಲ್ಲ. ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದಿಂದ ಪದವಿ ಹಿಡಿದು ಬರುವ ಹುಡುಗ ಹುಡುಗಿಯರಿಗೆ ಸರ್ಕಾರಿ ಶಾಲೆಗಳಲ್ಲಿ ಸಂಗೀತದ ಮೇಷ್ಟ್ರ ಹುದ್ದೆ ತುಂಬಿದರೆ ಅರ್ಧ ಪರಿಹಾರ ಅಲ್ಲೇ ಇದೆ. ಆದರೆ ಕಡತ ಕದಲುವವರೆಗೆ ಕಾಯಲು ಅವರಿಗೂ ವಯಸ್ಸಾಗುತ್ತದಲ್ಲ! ನಾನು ನೆಚ್ಚಿಕೊಂಡಿರುವುದು ಬೇರೆಯವರನ್ನು. ಹೊರವರ್ತುಲ ರಸ್ತೆಯ ಆಚೆ ಈಚೆ ಸಾವಿರ ಮನೆಗಳ ಅಪಾರ್ಟ್‌ಮೆಂಟುಗಳು ಎದ್ದಿವೆ. ಕೆಲವಕ್ಕೆ ಹೆಸರೇ ಪ್ಯಾಲೆಸ್. ಅಲ್ಲಿ ಈಜುಕೊಳಕ್ಕೆ ತಿಂಗಳ ಸಂಬಳದ ತರಬೇತುದಾರ, ಜಿಮ್ಮಿಗೊಬ್ಬ ತರಬೇತುದಾರ, ತೋಟಕ್ಕೆ ಮಾಲಿಗಳು. ವಾರ್ಷಿಕೋತ್ಸವದ ಒಂದು ರಾತ್ರಿಯ ಧ್ವನಿ, ಬೆಳಕಿಗೆ ಸುರಿಯುವ ಹಣದಲ್ಲಿ ಒಬ್ಬ ಪಿಟೀಲು ವಾದಕಿಯನ್ನು ವರ್ಷವಿಡೀ ಇಟ್ಟುಕೊಳ್ಳಬಹುದು. ಸಂಜೆ ಮಕ್ಕಳಿಗೆ ಪಾಠ, ತಿಂಗಳಿಗೊಂದು ಕಛೇರಿ, ಬೆಳಗಿನ ಹೊತ್ತು ಪೂರ್ತಿ ಆಕೆಯದೇ.

ಪರಿಚಯದ ಅಪಾರ್ಟ್‌ಮೆಂಟ್ ಸಂಘದ ಪದಾಧಿಕಾರಿಯೊಬ್ಬರಿಗೆ ಇದನ್ನು ಹೇಳಿದೆ. ಅವರು ತಲೆದೂಗಿ ಕೇಳಿ, “ಐಡಿಯಾ ಚೆನ್ನಾಗಿದೆ. ಆದರೆ ಬೆಳಗ್ಗೆಯೆಲ್ಲ ಅವರು ಏನು ಮಾಡ್ತಾ ಇರ್ತಾರೆ?” ಎಂದರು. ಸಾಧನೆ ಮಾಡ್ತಾರೆ ಎಂದೆ. ಅದಕ್ಕೂ ಸಂಬಳ ಕೊಡಬೇಕೇ ಎಂಬ ಪ್ರಶ್ನೆ ಈಗ ಅವರ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿದೆ, ಹೊಸ ಟ್ರೆಡ್‌ಮಿಲ್ ಖರೀದಿಯ ನಂತರದ ವಿಷಯವಾಗಿ.